ಜಾಗಾ ಖಾಲಿ ಆದ್ರ

ಹೊಟ್ಟೆಕಿಚ್ಚು ಪಡಬಾರದು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅಷ್ಟು ತಣ್ಣಗಿರುವ ಹೊಟ್ಟೆಯನ್ನು ದೇವರು ಅವರಿಗೆ ಯಾವ ಪುಣ್ಯಕ್ಕೆ ಕೊಟ್ಟನೋ! ನನ್ನ ಅನುಮಾನ ಏನೆಂದರೆ, ಅಂಥವರಿಗೆ ಷಡ್ಡಕ ಇರುವುದಿಲ್ಲ. ಇದ್ದರೂ ದೂರದ ಊರಿನಲ್ಲಿ ಬೇರೆ ಯಾವುದೋ ಕಸುಬಿನಲ್ಲಿ ಇರುತ್ತಾನೆ. ನೀವು ಸಾಲಿ ಮಾಸ್ತರರಾಗಿದ್ದು ನಿಮ್ಮ ಹೆಂಡತಿಯ ತಂಗಿಯ ಗಂಡ ಕಿರಾಣಿ ಅಂಗಡಿ ಇಟ್ಟಿದ್ದರೆ ಸಂಸಾರ ಹೇಗೋ ಸಾಗುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ಅವನು ದೊಡ್ಡವನು, ಬೇಸಿಗೆ ರಜೆಯಲ್ಲಿ ನೀವು ದೊಡ್ಡವರು. ನನ್ನ ಹಣೆಬರಹ ಹಾಗಿಲ್ಲ. ನಮ್ಮ ಕಡೆ ಷಡ್ಡಕನಿಗೆ ಸಾಡೂ ಅನ್ನುತ್ತಾರೆ. ನನ್ನ ಸಾಡೂ ಈರಣ್ಣನೂ ವಿಮಾನ ಕಂಪನಿಯ ನೌಕರ, ನಾನೂ ವಿಮಾನ ಕಂಪನಿಯ ನೌಕರ. ಕಂಪನಿ ಮಾತ್ರ ಬೇರೆ ಬೇರೆ. ಬೆಳಗಾವಿಯ ವಿಮಾನ ನಿಲ್ದಾಣದಲ್ಲಿ ನನ್ನ ಕೌಂಟರಿನ ಬಾಜೂಕ್ಕೇ ಅವನ ಕೌಂಟರು. ನಡುವೆ ಒಂದು ಹಗ್ಗ ಕಟ್ಟಿದ್ದಾರೆ. ಆ ಹಗ್ಗದ ಆಚೆ ಏನು ನಡೆಯುತ್ತಿದೆ ಎಂದು ನೋಡಬಾರದೆಂದು ನಾನು ದಿನಾ ಬೆಳಿಗ್ಗೆ ನಿರ್ಧಾರ ಮಾಡುತ್ತೇನೆ.

ವಿಮಾನ ಕಂಪನಿ ಎಂದ ಕೂಡಲೇ ನಮ್ಮಿಬ್ಬರನ್ನೂ ಮೋಡಗಳ ನಡುವೆ ಕಲ್ಪಿಸಿಕೊಳ್ಳಬೇಡಿ. ನಾವು ನೆಲದವರು. ಬಂದವರ ಹೆಸರು ನೋಡಿ ಚೀಟಿ ಕೊಡುವುದು, ಗಂಟುಮೂಟೆ ತೂಗುವುದು, ಕರದಂಟಿನ ಡಬ್ಬಿಗಳ ಭಾರಕ್ಕೆ ಹರಿದುಹೋಗುವಂತಿರುವ ಚೀಲಕ್ಕೆ ಪಟ್ಟಿ ಸುತ್ತುವುದು, ವಿಮಾನ ತಡವಾದರೆ ಬೈಸಿಕೊಳ್ಳುವುದು, ಇಷ್ಟೇ. ಆದರೆ ಬೈಸಿಕೊಳ್ಳುವುದರಲ್ಲೂ ಅಂತಸ್ತು ಇದೆ. ನಮ್ಮದು ಮರ್ಯಾದಸ್ಥ ಕಂಪನಿ. ಹತ್ತಿದವರಿಗೆ ಕುಡಿಯಲು ಹಣ್ಣಿನ ರಸ, ತಿನ್ನಲು ಏನಾದರೊಂದು, ಕೊನೆಗೆ ಬಾಯಿಗೆ ಸೋಂಪು. ನನಗೆ ಕೋಟು, ಟೈ. ಈರಣ್ಣನದು ಕಡಿಮೆ ದರದ ಕಂಪನಿ. ಅಲ್ಲಿ ಕುರ್ಚಿ ಕೊಡುತ್ತಾರೆ, ಊರು ಮುಟ್ಟಿಸುತ್ತಾರೆ, ಮುಗಿಯಿತು. ನೀರಡಿಸಿದರೆ ರೊಕ್ಕ, ಹಸಿದರೆ ರೊಕ್ಕ, ಕಿಟಕಿಯ ಬಳಿ ಕೂತು ಮೋಡ ನೋಡಬೇಕೆಂದರೆ ಅದಕ್ಕೂ ರೊಕ್ಕ. ಮೋಡವನ್ನೇನು ಅವರ ಕಂಪನಿಯವರು ಮಾಡಿಸಿ ಇಟ್ಟಿದ್ದಾರೆಯೇ? ಈರಣ್ಣನ ಸಮವಸ್ತ್ರವೆಂದರೆ ಒಂದು ಬಣ್ಣದ ಟೀ ಶರ್ಟು. ಏಪ್ರಿಲ್ ಬಿಸಿಲಿನಲ್ಲಿ ನಾನು ಕೋಟಿನೊಳಗೆ ಬೆಂದ ಗೆಣಸಾಗಿ ನಿಂತಿರುವಾಗ ಅವನು ತೋಳು ಬೀಸಿಕೊಂಡು ಓಡಾಡುತ್ತಾನೆ. ಆದರೂ ಕೋಟು ಕೋಟೇ, ಟೀ ಶರ್ಟು ಟೀ ಶರ್ಟೇ ಎಂದು ನಾನು ಬೆವರು ಒರೆಸಿಕೊಳ್ಳುತ್ತೇನೆ.

ನಮ್ಮ ಮಾವನವರದು ಹುಕ್ಕೇರಿ. ಬಸ್‌ಸ್ಟ್ಯಾಂಡಿನ ಹಿಂದೆ ಅವರ ಖಾನಾವಳಿ ಇತ್ತು. ಈಗ ಅವರ ತಮ್ಮನ ಮಗ ನಡೆಸುತ್ತಾನೆ. ದೊಡ್ಡ ಮಗಳು ಮಹಾದೇವಿಯನ್ನು ಗೋಕಾಕದ ನನಗೆ ಕೊಟ್ಟರು, ಸಣ್ಣ ಮಗಳು ಶೋಭಾಳನ್ನು ಮೂಡಲಗಿಯ ಈರಣ್ಣನಿಗೆ ಕೊಟ್ಟರು. ಹೀಗಾಗಿ ಹಿರೇ ಅಳಿಯ ನಾನು. ಹಿರೇ ಅಳಿಯ ಎನ್ನುವುದು ಸಣ್ಣ ಪದವಿಯಲ್ಲ. ಹಬ್ಬದ ಪಂಕ್ತಿಯಲ್ಲಿ ಮೊದಲ ಮಣೆ ಅವನದು, ಮೊದಲ ಹೋಳಿಗೆ ಅವನದು, ತುಪ್ಪದ ತಂಬಿಗೆ ಮೊದಲು ಬಗ್ಗುವುದು ಅವನ ತಾಟಿಗೆ. ಅಧಿಕ ಮಾಸ ಬಂತೆಂದರೆ ಕೇಳಲೇಬೇಡಿ. ಮೂರು ವರ್ಷಕ್ಕೊಮ್ಮೆ ಬರುವ ಆ ತಿಂಗಳಲ್ಲಿ ಅಳಿಯಂದಿರನ್ನು ಕರೆದು, ಮಣೆಯ ಮೇಲೆ ಕೂಡಿಸಿ, ಆರತಿ ಮಾಡಿ, ಹೊಸ ಬಟ್ಟೆ ಕೊಟ್ಟು ಉಣ್ಣಿಸುವುದು ನಮ್ಮ ಕಡೆಯ ರೂಢಿ. ಅಳಿಯನನ್ನು ದೇವರೆಂದು ಭಾವಿಸುತ್ತಾರೆ. ಉಳಿದ ದಿನಗಳಲ್ಲಿ ಅವರು ಏನೆಂದು ಭಾವಿಸುತ್ತಾರೋ ಅದು ಬೇರೆ ಮಾತು.

ಈರಣ್ಣ ಮದುವೆಯಾಗುವ ತನಕ ಆ ಮಣೆಯ ಮೇಲೆ ನಾನು ಒಬ್ಬನೇ ರಾಜ. ಅವನು ಬಂದ ಮೇಲೂ ನನ್ನ ಸ್ಥಾನಕ್ಕೆ ಧಕ್ಕೆ ಬರಲಿಲ್ಲ. ಆದರೆ ಬರಬಹುದು ಎಂಬ ಭಯ ನನಗೆ ಮೊದಲ ದಿನದಿಂದಲೇ ಇತ್ತು. ಯಾಕೆಂದರೆ ಆ ಮನುಷ್ಯನಿಗೆ ಸಿಟ್ಟೇ ಬರುವುದಿಲ್ಲ. ಒಂದು ಐತವಾರ ಹುಕ್ಕೇರಿಯಲ್ಲಿ ಊಟಕ್ಕೆ ಕೂತಾಗ ನಾನು ಎಲ್ಲರಿಗೂ ಕೇಳುವಂತೆ ಅಂದೆ, "ಅತ್ತೀ, ಈರಣ್ಣಗ ತುಪ್ಪ ನೀಡೂ ಮುಂದ ರೊಕ್ಕಾ ಇಸಗೋರಿ. ಅವರ ಕಂಪನಿ ಪದ್ಧತಿ ಹಂಗ ಐತಿ. ರೊಟ್ಟಿಗೆ ಒಂದು ರೇಟು, ಪಲ್ಯಾಕ ಒಂದು ರೇಟು, ಕೈ ತೊಳ್ಯಾಕ ಬ್ಯಾರೆ ರೇಟು." ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ಈರಣ್ಣನೇ ನಕ್ಕ. ನಕ್ಕು ಅಂದ, "ಖರೆ ಐತ್ರಿ ಅಣ್ಣಾ. ಆದ್ರ ತುಪ್ಪಾ ಒಲ್ಲದವ್ರ ಕಡೆ ನಾವು ತುಪ್ಪದ ರೊಕ್ಕಾ ತಗೊಳ್ಳೂದಿಲ್ರಿ."

ಮಾವನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವನ ಕಡೆ ನೋಡಿದರು. ಖಾನಾವಳಿ ನಡೆಸಿದ ಮನುಷ್ಯ. ಇಂಥ ಮಾತು ಅವರ ಕಿವಿಗೆ ಬೀಳಬಾರದಾಗಿತ್ತು. "ಬಾಜೂ ಹೊಟೇಲದವಾ ಪ್ಲೇಟ್ ಊಟಾ ಸುರು ಮಾಡಿದಾಗ ನಾನೂ ಹಿಂಗ ನಕ್ಕಿದ್ದೆ," ಎಂದರು. "ಒಲಿ ಹಚ್ಚಿದ ಮ್ಯಾಲ ಹತ್ತು ಮಂದಿ ಉಂಡ್ರೂ ಅಷ್ಟ ಕಟಗಿ, ನೂರು ಮಂದಿ ಉಂಡ್ರೂ ಅಷ್ಟ ಕಟಗಿ. ಕುರ್ಚಿ ತುಂಬಬೇಕ ನೋಡ್ರಿ. ಅಳಿಯಂದ್ರ, ನಿಮ್ಮ ವಿಮಾನ ತುಂಬತೈತೇನ್ರಿ?"

ಪ್ರಶ್ನೆ ನನಗೆ. ನಾನು ಆಗ ಶೇಂಗಾ ಚಟ್ನಿ ಖಾರವಾಯಿತೆಂದು ಬಹಳ ಹೊತ್ತು ಕೆಮ್ಮಿದೆ. ಸತ್ಯ ಏನೆಂದರೆ ನಮ್ಮ ವಿಮಾನ ತುಂಬುತ್ತಿರಲಿಲ್ಲ. ಹಣ್ಣಿನ ರಸ, ಸೋಂಪು, ನನ್ನ ಕೋಟು ಎಲ್ಲದರ ಖರ್ಚನ್ನೂ ಸೇರಿಸಿ ಟಿಕೆಟ್ಟಿಗೆ ಹಚ್ಚುತ್ತಿದ್ದರಿಂದ, ನಮ್ಮಲ್ಲಿ ಸರಕಾರಿ ಕೆಲಸದ ಮೇಲೆ ಹೋಗುವವರು, ಬೇರೆಯವರ ರೊಕ್ಕದಲ್ಲಿ ಹೋಗುವವರು, ಅಪರೂಪಕ್ಕೊಮ್ಮೆ ಹೊಸದಾಗಿ ಮದುವೆಯಾದವರು ಮಾತ್ರ ಹತ್ತುತ್ತಿದ್ದರು. ಹಗ್ಗದ ಆಚೆ ಮಾತ್ರ ಜಾತ್ರೆ. ಅಂಕಲಗಿಯ ತರಕಾರಿ ವ್ಯಾಪಾರಿ, ಸಂಕೇಶ್ವರದ ಮೆಣಸಿನಕಾಯಿ ದಲಾಲ, ಸೊಸೆಯ ಬಾಣಂತನಕ್ಕೆ ಹೊರಟ ಘೋಡಗೇರಿಯ ಅಜ್ಜಿ, ಎಲ್ಲರೂ ಈರಣ್ಣನ ಸಾಲಿನಲ್ಲಿ. ಅವರ ವಿಮಾನ ಇಳಿದು ಇನ್ನೂ ಬಿಸಿ ಆರಿರುವುದಿಲ್ಲ, ಮಂದಿಯನ್ನು ಇಳಿಸಿ, ಕಸ ಗುಡಿಸಿ, ಹೊಸ ಮಂದಿಯನ್ನು ತುಂಬಿಕೊಂಡು ಹೋಗಿಬಿಡುತ್ತದೆ. ಥೇಟ್ ನಮ್ಮ ಗೋಕಾಕದ ಟಂಟಂ ಆಟೋ. ನಮ್ಮ ವಿಮಾನ ಇಳಿದರೆ ಬೀಗರ ಮನೆಗೆ ಬಂದವರ ಹಾಗೆ ಆರಾಮಾಗಿ ನಿಲ್ಲುತ್ತದೆ. ನಿಂತ ವಿಮಾನ ದುಡಿಯುವುದಿಲ್ಲ ಎಂಬುದು ನನಗೂ ಗೊತ್ತು. ಗೊತ್ತಿದ್ದರೂ ಈರಣ್ಣನ ಎದುರು ಒಪ್ಪಿಕೊಳ್ಳಲು ನಾನೇನು ಕಡಿಮೆ ದರದವನೇ?

ಅವನ ಮನೆತನದ್ದೇ ಅಂಥ ಬುದ್ಧಿ. ಈರಣ್ಣನ ತಂದೆ ಮೂಡಲಗಿಯ ದನದ ಪೇಟೆಯಲ್ಲಿ ಎಮ್ಮೆಯ ದಲಾಲಿ ಮಾಡುವವರು. ಟವೆಲ್ಲಿನ ಕೆಳಗೆ ಕೈಯಲ್ಲಿ ಕೈ ಇಟ್ಟು, ಬೆರಳು ಒತ್ತಿ ರೇಟು ಹೇಳುತ್ತಾರೆ. ಒಂದೇ ಎಮ್ಮೆಗೆ ಬೆಳಿಗ್ಗೆ ಬಂದವನಿಗೆ ಒಂದು ರೇಟು, ಮಧ್ಯಾಹ್ನ ಬಂದವನಿಗೆ ಒಂದು, ಸಂಜೆ ಎಮ್ಮೆ ಉಳಿದರೆ ಬೇರೆಯೇ ರೇಟು. ವಿಮಾನದ ಟಿಕೆಟ್ಟಿನ ದರ ಗಳಿಗೆಗೊಮ್ಮೆ ಯಾಕೆ ಬದಲಾಗುತ್ತದೆ ಎಂದು ನಮ್ಮ ಕಂಪನಿಯವರು ನಮಗೆ ತರಬೇತಿ ಕೊಡಲು ದೊಡ್ಡ ಹೊಟೇಲಿಗೆ ಕರೆದುಕೊಂಡು ಹೋಗಿ ಪರದೆಯ ಮೇಲೆ ಚಿತ್ರ ತೋರಿಸಿದರು. ನನಗೆ ಅಲ್ಲಿನ ಊಟ ಮಾತ್ರ ನೆನಪಿದೆ. ಈರಣ್ಣ ಅದನ್ನು ಟವೆಲ್ಲಿನ ಕೆಳಗೆ ಕಲಿತುಬಿಟ್ಟಿದ್ದ. ಇದು ಅನ್ಯಾಯವಲ್ಲವೇ?

ಕೆಲಸಕ್ಕೆ ಬರುವುದರಲ್ಲೂ ಇದೇ ಕಥೆ. ನಾನು ಗೋಕಾಕದಿಂದ ಮೋಟರ್‌ಸೈಕಲ್ಲಿನಲ್ಲಿ ಒಬ್ಬನೇ ಬರುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ, ಟೈಯನ್ನು ಕಿಸೆಯಲ್ಲಿ ಮಡಚಿಟ್ಟುಕೊಂಡು, ಹೆಲ್ಮೆಟ್ಟಿನಿಂದ ಚಪ್ಪಟೆಯಾದ ತಲೆಗೂದಲಿನೊಂದಿಗೆ ಮುಟ್ಟುತ್ತೇನೆ. ಈರಣ್ಣ ಅದೇ ದಾರಿಯಲ್ಲಿ ಬೆಳಗಾವಿಗೆ ಹೋಗುವ ನಾಲ್ಕು ಮಂದಿ ನೌಕರರನ್ನು ಕೂಡಿಸಿ ಒಂದು ಕಾರು ಹೊಂದಿಸಿದ್ದಾನೆ. ನಿದ್ದೆ ಮಾಡುತ್ತ ಬಂದು ಇಸ್ತ್ರಿ ಮುರಿಯದೆ ಇಳಿಯುತ್ತಾನೆ. ನನ್ನನ್ನೂ ಕರೆದಿದ್ದ. "ಅಣ್ಣಾ, ಒಂದು ಸೀಟು ಖಾಲಿ ಐತಿ, ಬರ್ರಿ," ಎಂದಿದ್ದ. ನಾನು ಬರುವುದಿಲ್ಲ ಎಂದೆ. ಸಾಡೂನ ಖಾಲಿ ಸೀಟು ತುಂಬುವುದಕ್ಕಿಂತ ಟ್ರ್ಯಾಕ್ಟರಿನ ಧೂಳು ಮೇಲು.

ಈ ಸಲದ ಅಧಿಕ ಮಾಸ ಹತ್ತಿರ ಬರುತ್ತಿದ್ದಾಗ ಅತ್ತೆಯವರಿಗೆ ಶ್ರೀಶೈಲದ ಮಲ್ಲಯ್ಯನ ನೆನಪಾಯಿತು. ಹರೆಯದಲ್ಲಿ ಮಲ್ಲಯ್ಯನ ಕಂಬಿ ಹೊತ್ತ ಪಾದಯಾತ್ರೆಯವರ ಹಿಂದೆ ನಡೆದುಕೊಂಡು ಹೋಗಿಬಂದವರು. ಇನ್ನೊಮ್ಮೆ ಬರುತ್ತೇನೆಂದು ಹೇಳಿ ಬಂದಿದ್ದರಂತೆ. ಈಗ ಮೊಣಕಾಲು ಕೇಳುವುದಿಲ್ಲ. ಬಸ್ಸಿನಲ್ಲಿ ಅಷ್ಟು ದೂರ ಕೂರಲು ಸೊಂಟ ಕೇಳುವುದಿಲ್ಲ. "ಹೈದರಾಬಾದ ತನಕ ವಿಮಾನದಾಗ ಹೋಗಿ, ಅಲ್ಲಿಂದ ಕಾರ್ ಮಾಡಿದ್ರಾತು," ಎಂದು ಮಾವನವರು ತೀರ್ಮಾನಿಸಿದರು. ಇಬ್ಬರಿಗೂ ವಿಮಾನ ಹೊಸದು. "ಎರಡೂ ಕಂಪನಿ ಮನ್ಯಾಗ ಅದಾವು. ಯಾವ ವಿಮಾನಾ ಹತ್ತೋಣ ಹೇಳ್ರಿ," ಎಂದು ನಮ್ಮಿಬ್ಬರನ್ನೂ ನೋಡಿದರು.

ಇದು ಬರೀ ಟಿಕೆಟ್ಟಿನ ಪ್ರಶ್ನೆಯಲ್ಲ, ಮಣೆಯ ಪ್ರಶ್ನೆ ಎಂದು ನನಗೆ ತಕ್ಷಣ ಹೊಳೆಯಿತು. ಅತ್ತೆಗೆ ಮಲ್ಲಯ್ಯನ ದರ್ಶನ ಮಾಡಿಸಿದ ಅಳಿಯನೇ ಅಧಿಕ ಮಾಸದಲ್ಲಿ ನಿಜವಾದ ಅಳಿಯ. ಈರಣ್ಣ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. "ಟಿಕೆಟ್ ಯಾಕ್ರಿ ಮಾವಾರ? ನನ್ನ ಪಾಸ್ ಐತಿ. ಬಿಟ್ಟಿ. ನಮ್ಮ ಕಂಪನ್ಯಾಗ ನೌಕರರ ಮನಿ ಮಂದಿಗೆ ಅಷ್ಟು ಮರ್ಯಾದಿ ಐತಿ. ಹಣ್ಣಿನ ರಸಾ ಕುಡ್ಕೋತ ಹೋಗ್ರಿ."

ಆ ಪಾಸಿನ ಒಂದು ಗುಟ್ಟನ್ನು ಇಲ್ಲಿ ಹೇಳಬೇಕು. ಅದು ಸೀಟು ಖಾಲಿ ಇದ್ದರೆ ಮಾತ್ರ ನಡೆಯುವ ಪಾಸು. ರೊಕ್ಕ ಕೊಟ್ಟವರೆಲ್ಲ ಕೂತ ಮೇಲೆ ಜಾಗ ಉಳಿದರೆ ನಮ್ಮವರನ್ನು ಕೂಡಿಸಬಹುದು, ಉಳಿಯದಿದ್ದರೆ ಇಲ್ಲ. ಆ ದಿನ ಸಂಜೆ ಈರಣ್ಣ ನನ್ನನ್ನು ಅಂಗಳದ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋಗಿ ಮೆಲ್ಲಗೆ ಅಂದ, "ಅಣ್ಣಾ, ಪಾಸ್ ಬ್ಯಾಡ್ರಿ. ವಯಸ್ಸಾದವ್ರು ಅದಾರ. ಯಾವ ಕಂಪನೀದರ ಆಗಲಿ, ಪಕ್ಕಾ ಟಿಕೆಟ್ ತಗಸೋಣ. ಜಾಗಾ ಸಿಗಲಿಲ್ಲಂದ್ರ?" ನನಗೆ ಮೈಯೆಲ್ಲ ಉರಿಯಿತು. ಇವನಿಗೆ ನನ್ನ ಮಣೆಯ ಮೇಲೆ ಕಣ್ಣು ಎಂದುಕೊಂಡೆ. "ನಮ್ಮ ವಿಮಾನದಾಗ ಜಾಗಾ ಸಿಗೂದಿಲ್ಲಂದ್ರ ಏನ್ ಮಾತಪಾ ಈರಣ್ಣ? ನಮ್ಮ ವಿಮಾನ ಎಂದರ ತುಂಬಿದ್ದು ನೋಡೀಯೇನು?" ಎಂದು ಎದೆ ಉಬ್ಬಿಸಿ ಹೇಳಿದೆ. ಹೇಳಿದ ಮೇಲೆ ಏನು ಹೇಳಿದೆನೆಂದು ತಿಳಿಯಿತು. ಈರಣ್ಣ ನಗಲಿಲ್ಲ. ಆ ಹೊತ್ತಿನಲ್ಲಿ ಅವನು ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹೊರಡುವ ದಿನ ಮಾವ ಅತ್ತೆ ಬೆಳಿಗ್ಗೆಯೇ ವಿಮಾನ ನಿಲ್ದಾಣಕ್ಕೆ ಬಂದರು. ಮಾವನವರ ತಲೆಗೆ ಹೊಸ ರುಮಾಲು, ಅತ್ತೆಗೆ ಇಳಕಲ್ ಸೀರೆ, ಕೈಯಲ್ಲಿ ಬುತ್ತಿಯ ಗಂಟು. ನಮ್ಮ ಕಂಪನಿಯಲ್ಲಿ ತಿನ್ನಲು ಕೊಡುತ್ತಾರೆಂದು ನಾನು ಎಷ್ಟು ಹೇಳಿದರೂ, "ಮಲ್ಲಯ್ಯನ ದರ್ಶನಾ ಆಗೂ ತನಕ ಹೊರಗಿಂದು ತಿನ್ನೂದಿಲ್ರಿ," ಎಂದು ಅತ್ತೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಕಟ್ಟಿಕೊಂಡು ಬಂದಿದ್ದರು. ನನ್ನ ಹಣ್ಣಿನ ರಸದ ಹಿರಿಮೆ ಅಲ್ಲಿಗೇ ಅರ್ಧ ಇಳಿಯಿತು. ಇಬ್ಬರನ್ನೂ ಕಂಬದ ಹಿಂದಿನ ಕುರ್ಚಿಗಳಲ್ಲಿ ಕೂಡಿಸಿ, "ನಾ ಕರಿಯೂ ತನಕ ಇಲ್ಲಿಂದ ಏಳಬ್ಯಾಡ್ರಿ. ಜಾಗಾ ಖಾಲಿ ಆದ ಕೂಡ್ಲೆ ಕರೀತೀನಿ," ಎಂದು ಹೇಳಿ ಕೌಂಟರಿಗೆ ಬಂದೆ. ಎಂದಿನಂತೆ ನನ್ನ ಮುಂದೆ ನಾಲ್ಕೈದು ಮಂದಿ. ಹಗ್ಗದ ಆಚೆ ಸಂತೆ.

ಆಗ ಬಂತು ಸುದ್ದಿ. ಹೈದರಾಬಾದಿಗೇ ಹೊರಟಿದ್ದ ಈರಣ್ಣನ ವಿಮಾನದ ಟೈರಿಗೆ ಪೆಟ್ಟಾಗಿದೆ, ಹೊಸ ಟೈರು ಗೋವಾದಿಂದ ಗಾಡಿಯಲ್ಲಿ ಬರಬೇಕು, ಮಧ್ಯಾಹ್ನದ ತನಕ ವಿಮಾನ ಏಳುವುದಿಲ್ಲ! ದೇವರೇ, ಆ ಗಳಿಗೆಯಲ್ಲಿ ನನಗೆ ಆದ ಆನಂದವನ್ನು ಹೇಗೆ ಹೇಳಲಿ? ಮಂದಿ ಈರಣ್ಣನನ್ನು ಮುತ್ತಿಕೊಂಡರು. "ಕೋರ್ಟಿನ ಕೆಲಸಾ ಐತಿ," "ಸೊಸಿ ದವಾಖಾನ್ಯಾಗ ಅದಾಳ," "ಲಗ್ನದ ಮುಹೂರ್ತಾ ತಪ್ಪತೈತಿ," ಎಂದು ನಾನಾ ದನಿ. ಈರಣ್ಣ ಟೀ ಶರ್ಟಿನ ತೋಳಿನಿಂದ ಹಣೆ ಒರೆಸಿಕೊಂಡ. ಅವನು ಬೆವರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಟೈ ಸರಿಮಾಡಿಕೊಂಡೆ. ಕೌಂಟರಿನಿಂದ ಹೊರಗೆ ಬಂದು, ನಡುವಿನ ಹಗ್ಗವನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದೆ, "ಯಾರಿಗೆ ಅರ್ಜಂಟ್ ಐತಿ, ಈ ಕಡೆ ಬರ್ರಿ! ನಮ್ಮ ಕಂಪನಿ ಯಾರನ್ನೂ ನಡುದಾರ್ಯಾಗ ಕೈ ಬಿಡೂದಿಲ್ಲ! ಸೀಟ್ ಅದಾವು, ತಿನ್ನಾಕ ಐತಿ, ನೀರಿಗೆ ರೊಕ್ಕಾ ಇಲ್ಲ!" ಮಂದಿ ಹಗ್ಗದ ಕೆಳಗೆ ತೂರಿಕೊಂಡು ಬಂದರು. ಆ ಕಡೆ ರೊಕ್ಕ ವಾಪಸು ಇಸಕೊಂಡು ಈ ಕಡೆ ಟಿಕೆಟ್ಟು ತೆಗೆಸತೊಡಗಿದರು. ನಾನು ಒಬ್ಬೊಬ್ಬರಿಗೂ ಟಿಕೆಟ್ಟಿನ ಜೊತೆಗೆ ಒಂದೊಂದು ಮಾತನ್ನೂ ಕೊಟ್ಟೆ: ಸಸ್ತಾ ಎಂದು ಹೋದರೆ ಹೀಗೇ ಆಗುತ್ತದೆ, ಅಗ್ಗದ ಎಮ್ಮೆ ಹಾಲು ಕೊಡುವುದಿಲ್ಲ, ಇತ್ಯಾದಿ. ಹಾಗೆ ಹೇಳುವಾಗಲೆಲ್ಲ ಓರೆಗಣ್ಣಿನಿಂದ ಈರಣ್ಣನನ್ನು ನೋಡುತ್ತಿದ್ದೆ. ಅವನ ಸಾಲು ಕರಗುತ್ತಿತ್ತು, ನನ್ನ ಸಾಲು ಬೆಳೆಯುತ್ತಿತ್ತು. ಎಷ್ಟು ವರ್ಷದ ಹಸಿವು ಅದು! ಒಮ್ಮೆ ಈರಣ್ಣ ಹಗ್ಗದ ಹತ್ತಿರ ಬಂದು, "ಅಣ್ಣಾ, ಅಣ್ಣಾ, ಒಂದು ಮಾತು," ಎಂದ. ನಾನು ಅವನ ಕಡೆ ತಿರುಗದೆ, "ಈಗ ಗದ್ದಲ ಐತಿ, ಆಮ್ಯಾಲ ಬಾ," ಎಂದೆ. ಕೊನೆಗೆ ಉಳಿದದ್ದು ಎರಡು ಸೀಟು. ಕೊಲ್ಹಾಪುರದ ಕಡೆಯ ಬೆಲ್ಲದ ವ್ಯಾಪಾರಿ ಗಂಡ ಹೆಂಡತಿ ಕೈ ಮುಗಿದು ನಿಂತಿದ್ದರು. ಅವನ್ನೂ ಕೊಟ್ಟೆ. ವಿಮಾನ ಭರ್ತಿಯಾಯಿತು. ಮೇಲಧಿಕಾರಿಗೆ ಫೋನು ಮಾಡಿ, "ಸರ್, ಒಂದು ಸೀಟೂ ಖಾಲಿ ಇಲ್ಲ ಸರ್," ಎಂದು ಎರಡೆರಡು ಸಲ ಹೇಳಿದೆ.

ಬಾಗಿಲು ಹಾಕಿದರು. ಸ್ವಲ್ಪ ಹೊತ್ತಿಗೆ ಚಾವಣಿಯ ಮೇಲೆ ಗುಡುಗಿದಂತೆ ಸದ್ದಾಗಿ ವಿಮಾನ ಏರಿತು. ನಾನು ಕೋಟಿನ ಗುಂಡಿ ಬಿಚ್ಚಿ, ಗೆದ್ದ ಪೈಲ್ವಾನನ ಹಾಗೆ ಸುತ್ತಲೂ ನೋಡುತ್ತ ತಿರುಗಿದೆ. ಕಂಬದ ಹಿಂದೆ ಇಬ್ಬರು ಕೂತಿದ್ದರು. ಒಂದು ಹೊಸ ರುಮಾಲು, ಒಂದು ಇಳಕಲ್ ಸೀರೆ, ನಡುವೆ ಬುತ್ತಿಯ ಗಂಟು. ನಾನು ಹೇಳಿದ ಜಾಗದಿಂದ ಕದಲಿರಲಿಲ್ಲ. ಮಾವನವರು ಚಾವಣಿಯ ಕಡೆ ಬೆರಳು ತೋರಿಸಿ ಬಹಳ ಸಂತೋಷದಿಂದ ಅಂದರು, "ಯಾವುದೋ ಒಂದು ಹೋತ ನೋಡ್ರಿ ಅಳಿಯಂದ್ರ. ನಮ್ಮದು ಎಷ್ಟೊತ್ತಿಗ್ರಿ?"

ಭೂಮಿ ಬಾಯಿ ಬಿಡಬಾರದೇ ಎಂದು ಅನ್ನುತ್ತಾರಲ್ಲ, ನನಗೂ ಹಾಗೇ ಅನ್ನಿಸಿತು. ವಿಮಾನ ನಿಲ್ದಾಣದ ನೆಲ ಬಹಳ ಗಟ್ಟಿ, ಬಾಯಿ ಬಿಡಲಿಲ್ಲ. ನಾನು ಏನೋ ತೊದಲಿದೆ. ಇವತ್ತು ಅನಿರೀಕ್ಷಿತ ಗದ್ದಲ, ಕಂಪನಿಯ ನಿಯಮ, ನಾಳೆ ನೋಡೋಣ ಎಂದೆಲ್ಲ. ಅತ್ತೆಯವರು ನನ್ನ ಮುಖ ನೋಡಲಿಲ್ಲ. ಬುತ್ತಿಯ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು, "ಮಲ್ಲಯ್ಯಾ, ನೀ ಕರಿಯೂದಿಲ್ಲಂದ್ರ ನಾ ಹೆಂಗ ಬರ್ಲೆಪಾ," ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅವರು ನನಗೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಲ್ಲಯ್ಯನಿಗೆ ಬೈದದ್ದು ತಡೆಯಲಾಗಲಿಲ್ಲ. ಇಡೀ ವಿಮಾನ ಇದ್ದದ್ದು ಅವರಿಬ್ಬರಿಗಾಗಿ, ನಾನು ಅದನ್ನು ಸಾಡೂನ ಮುಖ ಸಣ್ಣದಾಗುವುದನ್ನು ನೋಡುವ ಸುಖಕ್ಕೆ ಮಾರಿಬಿಟ್ಟಿದ್ದೆ. ನಾಚಿಕೆಯಾಯಿತು. ನಿಜವಾಗಿಯೂ ನಾಚಿಕೆಯಾಯಿತು.

ಆಗ ಈರಣ್ಣ ಅದೇ ಹಗ್ಗವನ್ನು ಎತ್ತಿ ಹಿಡಿದ. "ಅತ್ತೀ, ಬರ್ರಿ ಈ ಕಡೆ. ಟೈರ್ ಖಾನಾಪುರ ದಾಟೇತಂತ. ಇನ್ನೇನ್ ಬಂದ ಬಿಟ್ಟೇತಿ. ನಮ್ಮದು ಪೂರಾ ಖಾಲಿ ಐತ್ರಿ. ಎಲ್ಲಿ ಬೇಕಾದ್ರೂ ಕೂಡ್ರಿ." ಖಾಲಿ ಆಗದೆ ಏನು? ಇದ್ದವರನ್ನೆಲ್ಲ ನಾನೇ ಈ ಕಡೆ ಎಳೆದುಕೊಂಡಿದ್ದೆನಲ್ಲ. ಅವನೇ ಟಿಕೆಟ್ಟು ತೆಗೆಸಿದ, ಪಕ್ಕಾ ಟಿಕೆಟ್ಟು. ಅತ್ತೆಯನ್ನು ಗಾಲಿ ಕುರ್ಚಿಯಲ್ಲಿ ಕೂಡಿಸಿ ತಾನೇ ತಳ್ಳಿಕೊಂಡು ಹೋದ. ಅವನ ಹಿಂದೆ ರುಮಾಲು ಸರಿಮಾಡಿಕೊಳ್ಳುತ್ತ ಮಾವನವರು ಹೋದರು. ಹಗ್ಗದ ಈ ಕಡೆ ನಾನು ಒಬ್ಬನೇ, ನನ್ನ ಕೋಟಿನ ಜೊತೆಗೆ.

ಶ್ರೀಶೈಲದಿಂದ ಬಂದ ಮೇಲೆ ಹುಕ್ಕೇರಿಯ ಓಣಿಯಲ್ಲೆಲ್ಲ ಒಂದೇ ಸುದ್ದಿ. "ಏನ್ ಹೇಳ್ಲೆವಾ! ಅಷ್ಟ ದೊಡ್ಡ ವಿಮಾನದಾಗ ನಾವು, ಮತ್ತ ಸಂಕೇಶ್ವರದ ಒಬ್ಬರು ಜೈನ ಅಜ್ಜಾ ಅಮ್ಮಾ, ಇಷ್ಟ ಮಂದಿ," ಎಂದು ಅತ್ತೆ ಬಂದ ಬಂದವರಿಗೆ ಹೇಳಿದರು. "ಮೂರು ಕುರ್ಚಿ ಮ್ಯಾಲ ಕಾಲು ಚಾಚಿ ಮಲಗಿ ಹೋದ್ನಿ. ರೊಟ್ಟಿ ಬಿಚ್ಚಿ ನಾಲ್ಕೂ ಮಂದಿ ಹಂಚಿಕೊಂಡ ಉಂಡ್ವಿ. ಆ ವಿಮಾನದ ಹುಡಿಗ್ಯಾರು ಸೈತ ಮಾದಲಿ ಇಸಗೊಂಡ ತಿಂದ್ರು. ಸಣ್ಣ ಅಳಿಯಾ ನಮಗಂತನ ಒಂದು ವಿಮಾನ ಬಿಡಿಸಿದ್ದ ನೋಡ್ರಿ!" ಸಣ್ಣ ಅಳಿಯ ಬಿಡಿಸಿದ್ದಲ್ಲ, ದೊಡ್ಡ ಅಳಿಯ ಖಾಲಿ ಮಾಡಿಸಿದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಮ್ಮ ಕಂಪನಿಯಲ್ಲಿ ಮಾತ್ರ ಆ ದಿನದ ಬಗ್ಗೆ ಬೇರೆ ಅಭಿಪ್ರಾಯವಿದೆ. ಮೇಲಧಿಕಾರಿಗಳು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿ, ನೌಕರನೆಂದರೆ ಹೀಗಿರಬೇಕು, ಮನೆ ಮಠ ಮರೆತು ದುಡಿಯಬೇಕು ಎಂದರು. ಎಷ್ಟು ಮರೆತೆನೆಂದು ಅವರಿಗೆ ಗೊತ್ತಿಲ್ಲ. ಹಗ್ಗದ ಆಚೆ ಅದೇ ದಿನ ಈರಣ್ಣನಿಗೆ ಅವನ ಮೇಲಿನವರು ಫೋನಿನಲ್ಲಿ ಬೈಯುತ್ತಿದ್ದರು. ಅಷ್ಟು ಮಂದಿಯನ್ನು ಬಾಜೂ ಕಂಪನಿಗೆ ಹೇಗೆ ಬಿಟ್ಟುಕೊಟ್ಟೆ, ಖಾಲಿ ವಿಮಾನ ಹಾರಿಸಿದರೆ ಹೇಗೆ ಪರವಡಿಸುತ್ತದೆ ಎಂದು. "ಹೌದ್ರಿ ಸರ್, ತಪ್ಪಾತ್ರಿ ಸರ್," ಎನ್ನುತ್ತಿದ್ದ. ಇಡೀ ಕಥೆಯನ್ನು ಅವನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇಷ್ಟು ಕಡಿಮೆ ದರದಲ್ಲಿ ಇಷ್ಟು ಒಳ್ಳೆಯತನ ಕೊಡುವುದು ಅವನಿಗೆ ಹೇಗೆ ಪರವಡಿಸುತ್ತದೋ ನನಗಂತೂ ತಿಳಿಯದು. ಅವನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಈ ಕಾರಣಕ್ಕೆ ಕಡಿಮೆಯಾಯಿತೆಂದು ನೀವು ತಿಳಿದಿದ್ದರೆ ನಿಮಗೆ ಹೊಟ್ಟೆಕಿಚ್ಚಿನ ಅನುಭವ ಸಾಲದು.

ಅಧಿಕ ಮಾಸ ಬಂತು. ಮಲ್ಲಯ್ಯನ ಪ್ರಸಾದದ ಊಟವನ್ನೂ ಅಳಿಯಂದಿರ ಊಟವನ್ನೂ ಒಂದೇ ದಿನ ಇಟ್ಟುಕೊಂಡರು. ಒಲೆ ಒಂದೇ ಸಲ ಹಚ್ಚಿದರಾಯಿತು ಎಂದು ಮಾವನವರ ಲೆಕ್ಕ. ನಾನು ಹೆಂಡತಿಯೊಂದಿಗೆ ಕರದಂಟಿನ ಡಬ್ಬಿ ಹಿಡಿದು ಹುಕ್ಕೇರಿ ಮುಟ್ಟುವಷ್ಟರಲ್ಲಿ ಪಡಸಾಲೆ ತುಂಬಿಹೋಗಿತ್ತು. ಮಠದ ಅಯ್ಯನವರು, ಓಣಿಯ ಹಿರಿಯರು, ರೊಟ್ಟಿ ಹಂಚಿಕೊಂಡು ಗೆಳೆಯರಾದ ಸಂಕೇಶ್ವರದ ಜೈನ ದಂಪತಿಗಳು ಸಹ ಬಂದಿದ್ದರು. ಮಹಾದೇವಿ ಅಡುಗೆಮನೆಗೆ ಹೋದಳು. ನಾನು ಕಾಲು ತೊಳೆದುಕೊಂಡು, ಹಿರೇ ಅಳಿಯನ ನಡಿಗೆಯಲ್ಲಿ ಒಳಗೆ ಹೋಗಿ ಅಯ್ಯನವರ ಪಕ್ಕದ ಮೊದಲ ಮಣೆಯ ಕಡೆ ನೋಡಿದೆ. ಅದರ ಮೇಲೆ ಈರಣ್ಣ ಕೂತಿದ್ದ. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಹೊಸ ಶಲ್ಯ. ನನ್ನನ್ನು ಕಂಡು ಏಳಲು ಹೋದ. ಮಾವನವರು ಅವನ ಭುಜ ಒತ್ತಿ ಕೂಡಿಸಿದರು. "ಕೂಡ್ರಿ, ಕೂಡ್ರಿ. ಮಲ್ಲಯ್ಯನ ದರ್ಶನಾ ಮಾಡಿಸಿದವ್ರು ಮೊದಲ ಉಣಬೇಕು."

ನಾನು ಎಲ್ಲಿ ಕೂರಬೇಕೆಂದು ಆ ಕಡೆ ಈ ಕಡೆ ನೋಡುತ್ತಿದ್ದಾಗ ಅತ್ತೆಯವರು ಹೋಳಿಗೆಯ ಬುಟ್ಟಿ ಹಿಡಿದು ಬಂದರು. "ಹಿರೇ ಅಳಿಯಂದ್ರ, ಒಂದೀಟ ಹೊರಗ ಕಟ್ಟಿ ಮ್ಯಾಲ ಕೂಡ್ರಿ," ಎಂದರು. "ಜಾಗಾ ಖಾಲಿ ಆದ ಕೂಡ್ಲೆ ಕರೀತೀನಿ."

ನಾನು ಅವರ ಮುಖವನ್ನು ಚೆನ್ನಾಗಿ ನೋಡಿದೆ. ಅಲ್ಲಿ ಕುಹಕ ಇದೆಯೇ ಎಂದು ಹುಡುಕಿದೆ. ಬೆವರು, ಹೋಳಿಗೆಯ ಹಿಟ್ಟು ಬಿಟ್ಟು ಬೇರೇನೂ ಕಾಣಲಿಲ್ಲ. ಹೊರಗೆ ಬಂದು ಚಪ್ಪಲಿಗಳ ಪಕ್ಕದ ಕಟ್ಟೆಯ ಮೇಲೆ ಕೂತೆ. ಒಳಗಿಂದ ಹೂರಣದ ವಾಸನೆ ಬರುತ್ತಿತ್ತು. ಪಾಸಿನ ಮೇಲೆ ಕಾಯುವವರ ಕಷ್ಟ ಏನೆಂದು ಇಷ್ಟು ವರ್ಷದ ನೌಕರಿಯಲ್ಲಿ ನನಗೆ ತಿಳಿದಿರಲಿಲ್ಲ. ಕಿಟಕಿಯಿಂದ ಪಂಕ್ತಿಯನ್ನು ನೋಡುತ್ತ ಯಾರು ಬೇಗ ಏಳಬಹುದು ಎಂದು ಅಂದಾಜು ಮಾಡತೊಡಗಿದೆ. ಅಯ್ಯನವರು ನಿಧಾನ. ಜೈನ ಅಜ್ಜ ಇನ್ನೂ ಕೋಸಂಬರಿಯಲ್ಲಿದ್ದ. ಮಾವನವರ ಗೆಳೆಯರೊಬ್ಬರು ಎರಡನೇ ಸಲ ಅನ್ನ ಹಾಕಿಸಿಕೊಂಡಾಗ ಅವರ ಮೇಲೆ ನನಗೆ ಕೋಪ ಬಂತು.

ಮೊದಲು ಎದ್ದವನು ಈರಣ್ಣನೇ. ಕೈ ತೊಳೆದುಕೊಂಡು, ಟೀ ಶರ್ಟನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. "ಸಂಜಿ ವಿಮಾನದ ಡ್ಯೂಟಿ ಐತ್ರಿ ಅಣ್ಣಾ, ಲಗೂನ ಉಂಡೆ. ನನ್ನ ಜಾಗಾ ಖಾಲಿ ಆತು, ಬರ್ರಿ," ಎಂದ. ಊಟದಲ್ಲೂ ಟಂಟಂ ಪದ್ಧತಿಯೇ! ನಾನು ಒಳಗೆ ಹೋಗಿ ಅವನ ಮಣೆಯ ಮೇಲೆ ಕೂತೆ. ಮಣೆ ಇನ್ನೂ ಬೆಚ್ಚಗಿತ್ತು. ಅತ್ತೆಯವರು ಹೊಸ ತಾಟು ಇಟ್ಟು, ಆರತಿ ಮಾಡಿ, ಬಿಸಿ ಬಿಸಿ ಹೋಳಿಗೆ ಎರಡು ಹಾಕಿದರು. ತುಪ್ಪದ ತಂಬಿಗೆ ಹಿಡಿದು ಬಗ್ಗಿ, "ಹಾಕಲೇನ್ರಿ? ನಿಮಗ ಹಸಿವಾಗಿರಬೇಕು," ಎಂದು ನನ್ನ ತಾಯಿ ಕೇಳಿದ ಹಾಗೆ ಕೇಳಿದರು. ಶ್ರೀಶೈಲದ ಮಾತು ಎತ್ತಲಿಲ್ಲ. ನನ್ನ ಮನಸ್ಸು ಕರಗಿತು. ಇಂಥ ಮನೆಯಲ್ಲಿ ನಾನು ಯಾತಕ್ಕೆ ಸುಮ್ಮನೆ ಮಣೆ ಮಣೆ ಎಂದು ಒದ್ದಾಡಿದೆ, ಇನ್ನು ಮೇಲಾದರೂ ದೊಡ್ಡ ಮನಸ್ಸಿನವನಾಗಬೇಕು, ನಾಳೆಯಿಂದ ಈರಣ್ಣನ ಕಾರಿನಲ್ಲೇ ಹೋಗಬೇಕು ಎಂದು ಆ ಗಳಿಗೆಯಲ್ಲಿ ನಿರ್ಧಾರ ಮಾಡಿದೆ. ತುಪ್ಪ ಹೋಳಿಗೆಯ ಮೇಲೆ ಹರಿಯತೊಡಗಿತು.

"ಅತ್ತೀ," ಎಂದೆ ನಾನು ಮೆಲ್ಲಗೆ, ಬೇರೆ ಯಾರಿಗೂ ಕೇಳದಂತೆ, "ಈರಣ್ಣಗ ಎಷ್ಟ ಹಾಕಿದ್ರಿ?"